ಆರು ತಿಂಗಳ ರಾತ್ರಿ ಎಂಬ ಮಾತು

ಪಾಠ ಹೇಳಿದವನು ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳಬೇಕಾದ ಸಂದರ್ಭಗಳು ಜೀವಮಾನದಲ್ಲಿ ಹೆಚ್ಚಾಗಿ ಬರುವುದಿಲ್ಲ. ಬಂದಾಗ ನುಣುಚಿಕೊಳ್ಳುವುದು ಧರ್ಮವಲ್ಲ. ಈ ತಿಂಗಳ ನಮ್ಮ ಲೇಖನವು ಅಂತಹದೊಂದು ಒಪ್ಪಿಗೆಯೆಂದು ವಾಚಕರು ಭಾವಿಸಬೇಕು. ಸಂಸ್ಕೃತ ಪಂಡಿತರಾಗಿ ಶಾಲೆಗೆ ಸೇರಿದ ನಮಗೆ, ಉಪಾಧ್ಯಾಯರ ಅಭಾವದಿಂದ, ಭೂಗೋಳದ ಪಾಠವೂ ಗಂಟುಬಿದ್ದಿತ್ತು. ಮೂವತ್ತನಾಲ್ಕು ವರ್ಷಗಳ ಕಾಲ ನಾವು ಮಕ್ಕಳಿಗೆ ಒಂದು ವಾಕ್ಯವನ್ನು ಬರೆಯಿಸುತ್ತ ಬಂದೆವು: “ಭೂಮಿಯ ಉತ್ತರದ ತುದಿಯ ದೇಶಗಳಲ್ಲಿ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ.” ಮಕ್ಕಳು ಬೆರಗಾಗುತ್ತಿದ್ದರು, ನಾವು ಸಂತುಷ್ಟರಾಗಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆವು. ಆ ವಾಕ್ಯವು ಎಂದಾದರೂ ನಮ್ಮ ಮನೆಯ ಬಾಗಿಲಿಗೆ ಬಂದು ಲೆಕ್ಕ ಕೇಳೀತೆಂದು ನಾವು ಎಣಿಸಿರಲಿಲ್ಲ.

ಹೋದ ವರ್ಷ ಜೂನ್ ತಿಂಗಳಲ್ಲಿ ಅದು ಬಂದಿತು. ಮೂವತ್ತು ವರ್ಷಗಳ ಹಿಂದೆ ನಮ್ಮಲ್ಲಿ ಎಂಟನೆಯ ತರಗತಿ ಓದಿದ್ದ ಹೆಣ್ಣುಮಗಳೊಬ್ಬಳು, ಈಗ ತಾನೇ ಗೃಹಿಣಿ, ಒಂದು ಸಂಜೆ ನಮ್ಮ ಜಗಲಿಯ ಮೇಲೆ ಬಂದು ಕುಳಿತಳು. ಅವಳ ಮಗಳಿಗೆ ನಾರ್ವೆ ದೇಶದ ಟ್ರೊಮ್ಸೋ ಎಂಬ ಊರಿನ ವಿಶ್ವವಿದ್ಯಾನಿಲಯದಲ್ಲಿ, ಸಮುದ್ರದ ಜೀವಜಂತುಗಳ ವಿಷಯವಾಗಿ ಎರಡು ವರ್ಷ ಓದುವ ಅವಕಾಶ ದೊರೆತಿತ್ತಂತೆ. ಮಗಳಿಗೆ ಆನಂದ, ತಂದೆಗೆ ಸಮ್ಮತ. ತಾಯಿಗೆ ಮಾತ್ರ ಮನಸ್ಸಿಲ್ಲ. “ಮೇಷ್ಟರೆ, ಆ ದೇಶದಲ್ಲಿ ಆರು ತಿಂಗಳು ರಾತ್ರಿಯೆಂದು ನೀವೇ ಬರೆಯಿಸಿದ್ದಿರಿ. ನಾನು ಮರೆತಿಲ್ಲ. ಆರು ತಿಂಗಳು ಕತ್ತಲೆಯಲ್ಲಿ ಕೂಡಿಹಾಕಲು ಮಗಳನ್ನು ಹೇಗೆ ಕಳುಹಿಸಲಿ?” ಎಂದಳು. ನಾವು ತಬ್ಬಿಬ್ಬಾದೆವು. ಆ ವಾಕ್ಯವನ್ನು ನಾವು ಪುಸ್ತಕದಿಂದ ಎತ್ತಿಕೊಂಡದ್ದುಂಟು, ತೂಗಿ ನೋಡಿದ್ದಿಲ್ಲ. “ಎರಡು ದಿನ ಅವಕಾಶ ಕೊಡು” ಎಂದು ಹೇಳಿ ಕಳುಹಿಸಿ, ಹಳೆಯ ಗ್ರಂಥಗಳನ್ನೂ ಅಟ್ಲಾಸನ್ನೂ ಕೆಳಗಿಳಿಸಿದೆವು.

ಮೊದಲು ಕಾರಣವನ್ನು ನೋಡೋಣ. ಇದಕ್ಕೆ ಮನೆಯಲ್ಲಿರುವ ಸಾಮಗ್ರಿಯೇ ಸಾಕು. ಕತ್ತಲೆಯ ಕೋಣೆಯ ನಡುವೆ ಒಂದು ದೀಪವನ್ನಿರಿಸಿ, ನಿಂಬೆಯ ಹಣ್ಣಿಗೆ ತೊಟ್ಟಿನಿಂದ ಬುಡದವರೆಗೆ ಒಂದು ಕಡ್ಡಿಯನ್ನು ಚುಚ್ಚಿರಿ. ಕಡ್ಡಿಯನ್ನು ನೆಟ್ಟಗೆ ಹಿಡಿಯದೆ ಸ್ವಲ್ಪ ಓರೆಯಾಗಿ ಹಿಡಿದು, ಹಣ್ಣನ್ನು ಬುಗುರಿಯಂತೆ ತಿರುಗಿಸುತ್ತ ದೀಪದ ಸುತ್ತ ಪ್ರದಕ್ಷಿಣೆ ಬನ್ನಿರಿ. ಒಂದೇ ನಿಯಮವನ್ನು ಪಾಲಿಸಬೇಕು: ಕಡ್ಡಿಯ ಮೇಲಿನ ತುದಿಯು ಯಾವಾಗಲೂ ಕೋಣೆಯ ಒಂದೇ ಮೂಲೆಯ ಕಡೆಗೆ ತೋರುತ್ತಿರಬೇಕು. ಪ್ರದಕ್ಷಿಣೆಯ ಒಂದು ಕಡೆಯಲ್ಲಿ ಆ ತುದಿಯು ದೀಪದ ಕಡೆಗೆ ಬಾಗಿರುವುದು. ಹಣ್ಣು ಎಷ್ಟು ಸುತ್ತಿದರೂ ತೊಟ್ಟಿನ ಬಳಿಯ ಭಾಗವು ಬೆಳಕಿನಿಂದ ಹೊರಗೆ ಹೋಗುವುದಿಲ್ಲ. ಎದುರು ಕಡೆಗೆ ಬಂದಾಗ ಅದೇ ತುದಿಯು ದೀಪಕ್ಕೆ ವಿಮುಖವಾಗಿ, ಎಷ್ಟು ಸುತ್ತಿದರೂ ಬೆಳಕಿಗೆ ಬಾರದು. ಹಣ್ಣೇ ಭೂಮಿ, ದೀಪವೇ ಸೂರ್ಯ, ಕಡ್ಡಿಯೇ ಭೂಮಿಯ ಅಕ್ಷ. ಅಕ್ಷದ ಓರೆಯು ಸುಮಾರು ಇಪ್ಪತ್ತಮೂರೂವರೆ ಅಂಶ. ಋತುಗಳೂ ಹಗಲಿರುಳುಗಳ ಏರಿಳಿತವೂ ಈ ಒಂದು ಓರೆಯಿಂದಲೇ ಹುಟ್ಟಿವೆ.

ಈ ಓರೆಯ ಪರಿಣಾಮವು ಎಲ್ಲ ಊರುಗಳಿಗೂ ಒಂದೇ ಸಮನಾಗಿ ತಟ್ಟುವುದಿಲ್ಲ. ಭೂಮಧ್ಯರೇಖೆಯಿಂದ ಉತ್ತರಕ್ಕೆ ಹೋದಷ್ಟೂ ಅದು ಬಲಿಯುತ್ತದೆ. ಹದಿಮೂರು ಅಕ್ಷಾಂಶದ ಸಮೀಪದಲ್ಲಿರುವ ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘವಾದ ಹಗಲು ಸುಮಾರು 12 ಗಂಟೆ 53 ನಿಮಿಷ, ಅತಿ ಹ್ರಸ್ವವಾದದ್ದು 11 ಗಂಟೆ 21 ನಿಮಿಷ. ಅಂತರವು ಒಂದೂವರೆ ಗಂಟೆ ಮಾತ್ರ. ದೆಹಲಿಯಲ್ಲಿ ದೀರ್ಘ ದಿನವು ಹದಿನಾಲ್ಕು ಗಂಟೆಗಳನ್ನು ಮುಟ್ಟುತ್ತದೆ. ಲಂಡನ್ ನಗರದಲ್ಲಿ ಬೇಸಿಗೆಯ ದೀರ್ಘ ದಿನವು ಹದಿನಾರೂವರೆ ಗಂಟೆಗೂ ಮೇಲೆ, ಚಳಿಗಾಲದ ಹ್ರಸ್ವ ದಿನವು ಎಂಟು ಗಂಟೆಗೂ ಕಡಿಮೆ. ನಾರ್ವೆಯ ರಾಜಧಾನಿಯಾದ ಓಸ್ಲೋ ಅರುವತ್ತು ಅಕ್ಷಾಂಶದಲ್ಲಿದೆ. ಅಲ್ಲಿ ಜೂನ್ ತಿಂಗಳ ಹಗಲು ಹತ್ತೊಂಬತ್ತು ಗಂಟೆಗೆ ಸಮೀಪ, ಡಿಸೆಂಬರಿನದು ಆರು ಗಂಟೆಗೆ ಸಮೀಪ. ಅರುವತ್ತಾರೂವರೆ ಅಕ್ಷಾಂಶವನ್ನು ದಾಟಿದೊಡನೆ, ವರ್ಷದಲ್ಲಿ ಒಂದು ದಿನವಾದರೂ ಸೂರ್ಯನು ಮುಳುಗದಿರುವುದೂ, ಇನ್ನೊಂದು ದಿನವಾದರೂ ಹುಟ್ಟದಿರುವುದೂ ಮೊದಲಾಗುತ್ತದೆ. ಈ ಗಡಿಯನ್ನೇ ಉತ್ತರ ಧ್ರುವವೃತ್ತವೆಂದು ಕರೆಯುವರು.

ಇಲ್ಲಿ ನಮಗೆ ಒಂದು ವಿಸ್ಮಯವು ಕಾದಿತ್ತು. ಮನುಷ್ಯರ ಒಂದು ವರ್ಷವು ದೇವತೆಗಳ ಒಂದು ಅಹೋರಾತ್ರವೆಂದು ನಮ್ಮ ಹಿರಿಯರು ಹೇಳುವುದುಂಟು. ಅದನ್ನು ನಾವು ಸಂಸ್ಕೃತದ ತರಗತಿಯಲ್ಲಿ ಪುರಾಣದ ಮಾತೆಂದೇ ಹೇಳಿ ಬಿಟ್ಟಿದ್ದೆವು. ಆದರೆ 499ರ ಸುಮಾರಿನಲ್ಲಿ ಗ್ರಂಥ ರಚಿಸಿದ ಆರ್ಯಭಟನೂ, ಸೂರ್ಯಸಿದ್ಧಾಂತವೂ ಇದನ್ನು ಗೋಳಗಣಿತದ ಮಾತಾಗಿಯೇ ಹೇಳಿವೆ. ಮೇರುವೆಂದರೆ ಅವರಿಗೆ ಭೂಮಿಯ ಉತ್ತರ ತುದಿ. 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ಬರೆದ ಭಾಸ್ಕರಾಚಾರ್ಯನು ಇನ್ನೂ ಮುಂದೆ ಹೋಗಿ, ಅರುವತ್ತಾರು ಅಂಶಗಳಿಗಿಂತ ಹೆಚ್ಚಿನ ಅಕ್ಷಾಂಶವುಳ್ಳ ಸ್ಥಳಗಳಲ್ಲಿ ಸೂರ್ಯನು ಕೆಲವು ಕಾಲ ಅಸ್ತಮಿಸುವುದೇ ಇಲ್ಲವೆಂದು ವಿವರಿಸಿದ್ದಾನೆ. ಅಕ್ಷದ ಓರೆಯನ್ನು ಅವರು ಇಪ್ಪತ್ತನಾಲ್ಕು ಅಂಶವೆಂದು ಹಿಡಿದಿದ್ದರು. ತೊಂಬತ್ತರಲ್ಲಿ ಇಪ್ಪತ್ತನಾಲ್ಕನ್ನು ಕಳೆದರೆ ಅರುವತ್ತಾರು. ಹಿಮದ ನಾಡನ್ನು ಕಾಣದೆ, ಬರಿಯ ಲೆಕ್ಕದಿಂದ ಅಲ್ಲಿಯ ಹಗಲನ್ನು ಕಂಡ ಆ ಪುರುಷನ ಗ್ರಂಥವು ನಮ್ಮ ಕಪಾಟಿನಲ್ಲಿಯೇ ಇದ್ದಿತು. ಅದನ್ನು ಓದದೆ ನಾವು ಶಾಲೆಯ ಪುಸ್ತಕದ ಒಂದು ಸಾಲನ್ನು ನಂಬಿ ಕುಳಿತಿದ್ದೆವು.

ಹಾಗಾದರೆ ನಾವು ಬರೆಯಿಸಿದ ವಾಕ್ಯವು ಸುಳ್ಳೆ? ಅರ್ಧ ಸುಳ್ಳು, ಅರ್ಧ ಸುಳ್ಳು ಪೂರ್ಣ ಸುಳ್ಳಿಗಿಂತ ಹೆಚ್ಚು ಕಾಲ ಬಾಳುತ್ತದೆ. ಆರು ತಿಂಗಳು ಸೂರ್ಯನು ಕಾಣದಿರುವ ಸ್ಥಳವು ಭೂಮಿಯ ಉತ್ತರಾರ್ಧದಲ್ಲಿ ಒಂದೇ ಒಂದು ಬಿಂದು. ಅದು ಉತ್ತರ ಧ್ರುವ. ಅಲ್ಲಿ ಊರಿಲ್ಲ, ಮನೆಯಿಲ್ಲ, ಕಾಲಿಡಲು ನೆಲವೂ ಇಲ್ಲ. ಇರುವುದು ಸಮುದ್ರದ ಮೇಲೆ ತೇಲುವ ಹಿಮ. ಅಲ್ಲಿಯೂ ಸೂರ್ಯನಿಲ್ಲದ ಕಾಲವೆಲ್ಲ ಕಗ್ಗತ್ತಲೆಯಲ್ಲ. ನಮ್ಮಲ್ಲಿ ಸೂರ್ಯನು ಮುಳುಗಿದ ಮೇಲೆ ಒಂದು ಗಂಟೆಗೂ ಸ್ವಲ್ಪ ಮೇಲೆ ಆಕಾಶದಲ್ಲಿ ಸಂಧ್ಯೆಯ ಬೆಳಕು ಇರುವುದಷ್ಟೆ? ಇಲ್ಲಿ ಸೂರ್ಯನು ಬಹುಮಟ್ಟಿಗೆ ನೆಟ್ಟಗೆ ಕೆಳಗಿಳಿಯುತ್ತಾನೆ. ಧ್ರುವದಲ್ಲಿಯಾದರೋ ಅವನು ದಿಗಂತದ ಅಂಚನ್ನು ಸುತ್ತುತ್ತ ದಿನಕ್ಕೆ ಕೂದಲೆಳೆಯಷ್ಟೇ ಇಳಿಯುವುದರಿಂದ, ಸಂಜೆಯ ಸಂಧ್ಯೆಯೇ ಸುಮಾರು ಏಳು ವಾರ, ಬೆಳಗಿನ ಸಂಧ್ಯೆಯೂ ಅಷ್ಟೇ. ನಡುವೆ ನಿಜವಾದ ಕತ್ತಲೆಯು ನವೆಂಬರ್ ನಡುವಿನಿಂದ ಜನವರಿಯ ಕೊನೆಯವರೆಗೆ, ಹನ್ನೊಂದು ವಾರ ಮಾತ್ರ.

ಇನ್ನು ಟ್ರೊಮ್ಸೋ ಊರಿನ ಮಾತು. ಅದು 69 ಅಂಶ 39 ಕಲೆಗಳ ಅಕ್ಷಾಂಶದಲ್ಲಿರುವ ದ್ವೀಪನಗರ. ಎಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ಜನರ ನೆಲೆ. ವಿಶ್ವವಿದ್ಯಾನಿಲಯವು 1968ರಲ್ಲಿ ಸ್ಥಾಪಿತವಾಗಿ 1972ರಲ್ಲಿ ತೆರೆಯಿತು. ಅಲ್ಲಿ ಸೂರ್ಯನು ದಿಗಂತದ ಮೇಲಕ್ಕೆ ಬಾರದಿರುವುದು ನವೆಂಬರ್ 27ರ ಸುಮಾರಿನಿಂದ ಜನವರಿ 15ರ ಸುಮಾರಿನವರೆಗೆ, ಏಳು ವಾರ. ಮುಳುಗದಿರುವುದು ಮೇ 20ರಿಂದ ಜುಲೈ 22ರವರೆಗೆ, ಒಂಬತ್ತು ವಾರ. ಉಳಿದ ಕಾಲದಲ್ಲಿ ನಮ್ಮಂತೆಯೇ ದಿನವೂ ಉದಯ, ದಿನವೂ ಅಸ್ತ. ಡಿಸೆಂಬರ್ 21ರ ನಡುಹಗಲಿನಲ್ಲಿಯೂ ಸೂರ್ಯನು ದಿಗಂತದಿಂದ ಮೂರು ಅಂಶ ಮಾತ್ರ ಕೆಳಗಿರುವನು. ಆದುದರಿಂದ ಮೋಡವಿಲ್ಲದಿದ್ದರೆ ಸುಮಾರು ನಾಲ್ಕು ಗಂಟೆಗಳ ಕಾಲ, ಬಯಲಿನಲ್ಲಿ ನಿಂತು ದಾರಿಯನ್ನೂ ಮುಖಗಳನ್ನೂ ಗುರುತಿಸುವಷ್ಟು ಬೆಳಕಿರುತ್ತದೆ. ಹಿಮವು ಆ ಬೆಳಕನ್ನು ಇಮ್ಮಡಿಸಿ, ಬೆಟ್ಟ, ಕಡಲು, ಮನೆಗಳ ಮಾಡುಗಳೆಲ್ಲ ನೀಲಿಯಾಗಿ ಕಾಣುವುವಂತೆ. ಜೂನ್ ತಿಂಗಳ ನಡುರಾತ್ರಿಯಲ್ಲಿ ಅದೇ ಸೂರ್ಯನು ದಿಗಂತದಿಂದ ಮೂರು ಅಂಶ ಮೇಲಿರುವನು. ನಡುಬೇಸಿಗೆಯ ನಡುರಾತ್ರಿಯಲ್ಲಿ ಎಷ್ಟು ಹೆಚ್ಚೋ, ನಡುಚಳಿಯ ನಡುಹಗಲಿನಲ್ಲಿ ಅಷ್ಟೇ ಕಡಿಮೆ.

ಈ ಸಾಮ್ಯವನ್ನು ನೋಡಿ ನಮಗೆ ಇನ್ನೊಂದು ಲೆಕ್ಕವನ್ನು ಮಾಡುವ ಬಯಕೆಯಾಯಿತು. ಇಡೀ ವರ್ಷದ ಹಗಲಿನ ಗಂಟೆಗಳನ್ನು ಕೂಡಿಸಿದರೆ ಯಾವ ಊರಿಗೆ ಎಷ್ಟು? ಭೂಮಿಯ ಎಲ್ಲ ಊರುಗಳಿಗೂ ಸುಮಾರು ಅರ್ಧ ವರ್ಷದಷ್ಟೇ ಬರುತ್ತದೆ. ಸರಿಯಾಗಿ ನೋಡಿದರೆ ಉತ್ತರದವರಿಗೇ ಕಿಂಚಿತ್ ಲಾಭ. ಸೂರ್ಯನು ಭೂಮಧ್ಯರೇಖೆಯ ಉತ್ತರಕ್ಕೆ 186 ದಿನವೂ ದಕ್ಷಿಣಕ್ಕೆ 179 ದಿನವೂ ಇರುವನು. ಏಕೆಂದರೆ ಜುಲೈ ತಿಂಗಳ ಆಸುಪಾಸಿನಲ್ಲಿ ಭೂಮಿಯು ಸೂರ್ಯನಿಂದ ದೂರವಾಗಿದ್ದು ನಿಧಾನವಾಗಿ ಚಲಿಸುತ್ತದೆ. ಇದಲ್ಲದೆ ವಾಯುಮಂಡಲವು ಸೂರ್ಯನ ಕಿರಣವನ್ನು ಬಾಗಿಸಿ, ಅವನು ದಿಗಂತದ ಕೆಳಗಿರುವಾಗಲೇ ಮೇಲಕ್ಕೆತ್ತಿ ತೋರಿಸುತ್ತದೆ. ಸೂರ್ಯನು ಓರೆಯಾಗಿ ಹುಟ್ಟಿ ಮುಳುಗುವ ಉತ್ತರದಲ್ಲಿ ಈ ಕೊಡುಗೆಯು ಅಧಿಕ. ಬೆಟ್ಟಗಳ ಅಡ್ಡಿಯನ್ನು ಬಿಟ್ಟು ಲೆಕ್ಕ ಹಿಡಿದರೆ, ವರ್ಷಕ್ಕೆ ಬೆಂಗಳೂರಿಗಿಂತ ಟ್ರೊಮ್ಸೋವಿಗೆ ನೂರು ಗಂಟೆಗಳಿಗೂ ಮಿಕ್ಕಿ ಹಗಲು ಹೆಚ್ಚು! ಆದರೆ ಕಿರಣಗಳು ಓರೆಯಾಗಿ ಬೀಳುವುದರಿಂದ ಶಾಖವು ಕಡಿಮೆ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹವು ತೀರವನ್ನು ತೊಳೆಯುತ್ತಿರುವುದರಿಂದಲೇ ಅಲ್ಲಿಯ ಬಂದರು ಚಳಿಗಾಲದಲ್ಲಿಯೂ ಹೆಪ್ಪುಗಟ್ಟುವುದಿಲ್ಲ.

ಎರಡು ದಿನಗಳ ಮೇಲೆ ಆ ತಾಯಿಯು ಬಂದಾಗ ಇಷ್ಟನ್ನೂ ಉತ್ಸಾಹದಿಂದ ಹೇಳಿದೆವು. ನಮ್ಮ ತಪ್ಪನ್ನೂ ಒಪ್ಪಿಕೊಂಡೆವು. ಅವಳು ಎಲ್ಲವನ್ನೂ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ವರ್ಷದ ಲೆಕ್ಕ ಸರಿಹೋಯಿತು, ಮೇಷ್ಟರೆ. ಆದರೆ ವರ್ಷದ ಅಕ್ಕಿಯನ್ನೆಲ್ಲ ಶ್ರಾವಣದಲ್ಲಿಯೇ ಬಡಿಸಿ, ಪುಷ್ಯದಲ್ಲಿ ಉಪವಾಸ ಕೆಡವಿದರೆ ಹೊಟ್ಟೆ ಕೇಳುತ್ತದೆಯೆ?” ಎಂದಳು. ಲೆಕ್ಕ ಮಾಡಿದವರು ನಾವು. ಪ್ರಶ್ನೆಯನ್ನು ಕಂಡವಳು ಅವಳು. ಮನುಷ್ಯನ ದೇಹವು ವರ್ಷದ ಮೊತ್ತದಿಂದ ಬದುಕುವುದಿಲ್ಲ. ದಿನದಿನದ ಪಾಲಿನಿಂದ ಬದುಕುತ್ತದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ದೇಹದೊಳಗಿನ ಗಡಿಯಾರವು ಸರಿಹೋಗುವುದೆಂದೂ, ಕತ್ತಲಾದಾಗ ನಿದ್ರೆಯನ್ನು ಕರೆಯುವ ರಸವು ಮೆದುಳಿನಲ್ಲಿ ಊರುವುದೆಂದೂ ವೈದ್ಯಶಾಸ್ತ್ರವು ಹೇಳುತ್ತದೆ. ಬೆಳಕೂ ಕತ್ತಲೆಯೂ ತಮ್ಮ ಸರದಿಯನ್ನು ಮರೆತ ನಾಡಿನಲ್ಲಿ ನಿದ್ರೆಯು ಕೆಡುವುದು ಸಹಜ. ಕೆಲವರಿಗೆ ಚಳಿಗಾಲದಲ್ಲಿ ಮನಸ್ಸು ಕುಗ್ಗುವುದೂ ಉಂಟು. ಇದನ್ನು ನಾವು ಮರೆಮಾಚಲಿಲ್ಲ. ಆ ತಾಯಿಯು ಆಲೋಚಿಸಿ, ಮಗಳ ಮನಸ್ಸಿಗೇ ಬಿಟ್ಟಳು. ಮಗಳು ಆಗಸ್ಟ್ ತಿಂಗಳಲ್ಲಿ ಹೊರಟಳು.

ಈಗಿನ ಕಾಲದಲ್ಲಿ ಪತ್ರವು ಕ್ಷಣಮಾತ್ರದಲ್ಲಿ ಫೋನಿನಲ್ಲಿ ಬಂದು ಬೀಳುತ್ತದೆ. ತಾಯಿಗೆ ಬಂದುದನ್ನು ಅವಳು ನಮಗೆ ಓದಿ ಹೇಳುತ್ತಿದ್ದಳು. ಸೆಪ್ಟೆಂಬರ್ ತಿಂಗಳಲ್ಲಿ ಆ ಹುಡುಗಿಯನ್ನು ಬೆರಗುಗೊಳಿಸಿದ್ದು ಕತ್ತಲೆಯಲ್ಲ, ಅದರ ವೇಗ. ಬೆಂಗಳೂರಿನಲ್ಲಿ ವಿಷುವದ ಸುಮಾರಿನಲ್ಲಿ ಹಗಲು ದಿನಕ್ಕೆ ಮುಕ್ಕಾಲು ನಿಮಿಷದಷ್ಟು ಮಾತ್ರ ಬದಲಾಗುವುದರಿಂದ ಯಾರ ಗಮನಕ್ಕೂ ಬಾರದು. ಟ್ರೊಮ್ಸೋವಿನಲ್ಲಿ ಅದೇ ಬದಲಾವಣೆಯು ದಿನಕ್ಕೆ ಎಂಟೂವರೆ ನಿಮಿಷ; ವಾರಕ್ಕೆ ಒಂದು ಗಂಟೆ. “ಹೋದ ಸೋಮವಾರ ಬೆಳಕಿನಲ್ಲಿ ಮಾಡಿದ ಊಟವನ್ನು ಈ ಸೋಮವಾರ ದೀಪ ಹಚ್ಚಿ ಮಾಡುತ್ತಿದ್ದೇನೆ” ಎಂದು ಅವಳು ಬರೆದಳು. ಪಂಚಾಂಗಕರ್ತರು ದಿನಮಾನವನ್ನು ತಿದ್ದುವುದಕ್ಕೆ ‘ಚರ’ವೆಂಬ ಸಂಸ್ಕಾರವನ್ನು ಮಾಡುವರು, ನಮ್ಮಲ್ಲಿ ಪುಸ್ತಕದ ಅಂಕಿಯಾಗಿ ಉಳಿದ ಆ ಚರವನ್ನು ಅಲ್ಲಿ ಅಡಿಗೆಮನೆಯಲ್ಲಿಯೇ ಕಾಣಬಹುದು.

ಡಿಸೆಂಬರ್ ತಿಂಗಳಲ್ಲಿ ಹತ್ತು ದಿನ ಯಾವ ಸುದ್ದಿಯೂ ಬರಲಿಲ್ಲ. ತಾಯಿಯು ದಿನವೂ ನಮ್ಮ ಮನೆಯ ಮುಂದೆ ಹಾದುಹೋಗುತ್ತಿದ್ದಳು, ಒಳಕ್ಕೆ ಬರುತ್ತಿರಲಿಲ್ಲ. ಬಂದು ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು. ಆರು ತಿಂಗಳ ಕತ್ತಲೆಯೆಂದು ಹೆದರಿಸಿದ್ದೂ ನಾವೇ, ಏಳು ವಾರ ಮಾತ್ರವೆಂದು ಧೈರ್ಯ ಹೇಳಿದ್ದೂ ನಾವೇ. ಹನ್ನೊಂದನೆಯ ದಿನ ಪತ್ರವು ಬಂದಿತು. ಹುಡುಗಿಯು ರಾತ್ರಿಯೆಲ್ಲ ಎಚ್ಚರವಾಗಿ, ಹಗಲೆನ್ನುವ ಹೊತ್ತಿನಲ್ಲಿ ಮಲಗಿ, ಇರುವ ನಾಲ್ಕು ಗಂಟೆಯ ನೀಲಿ ಬೆಳಕನ್ನೂ ನಿದ್ರೆಯಲ್ಲಿ ಕಳೆದುಕೊಂಡು, ಊಟವನ್ನು ಮರೆತು, ಯಾರೊಡನೆಯೂ ಮಾತು ಬೇಡವಾಗಿ ಕುಳಿತಿದ್ದಳಂತೆ. ಅವಳು ಬಾಡಿಗೆಗಿದ್ದ ಮನೆಯ ಮುದುಕಿಯೇ ಬಾಗಿಲು ತಟ್ಟಿ ಎಬ್ಬಿಸಿ, ನಡುಹಗಲಿನಲ್ಲಿ ಹೊರಗೆ ಕರೆದುಕೊಂಡು ಹೋದಳು. ಆಕೆ ಹೇಳಿದ ಮಾತು ಇಷ್ಟು: ಬೇಸಿಗೆಯಲ್ಲಿ ದಪ್ಪ ಪರದೆ ಹಾಕಿ ರಾತ್ರಿಯನ್ನು ಮಾಡಿಕೊಳ್ಳಬೇಕು, ಚಳಿಗಾಲದಲ್ಲಿ ಗಡಿಯಾರ ನೋಡಿ ಬೆಳಗನ್ನು ಮಾಡಿಕೊಳ್ಳಬೇಕು, ಆಕಾಶವು ಕೊಡದ ಕ್ರಮವನ್ನು ಮನೆಯು ಕೊಡಬೇಕು.

ಗೃಹಸ್ಥರಾದ ನಮ್ಮ ವಾಚಕರಿಗೆ ಈ ಮಾತಿನ ಬೆಲೆಯು ತಿಳಿಯದಿರಲಾರದು. ಆ ನಾಡಿನ ಮನೆಗಳ ವ್ಯವಸ್ಥೆಯೆಲ್ಲ ಇದರ ಮೇಲೆಯೇ ನಿಂತಿದೆ. ಎಚ್ಚರ, ಊಟ, ಕೆಲಸ, ನಿದ್ರೆ ಎಲ್ಲವೂ ಗಡಿಯಾರಕ್ಕೆ ಕಟ್ಟುಬಿದ್ದಿವೆ. ಕಿಟಕಿಗಳಲ್ಲಿ ಡಿಸೆಂಬರ್ ತಿಂಗಳೆಲ್ಲ ದೀಪಗಳು ಉರಿಯುತ್ತಿರುತ್ತವೆ. ಬಿಸಿಲು ಕೊಡಬೇಕಾದ ಜೀವಸತ್ತ್ವಕ್ಕಾಗಿ ಜನರು ಚಳಿಗಾಲದಲ್ಲಿ ಕಾಡ್ ಮೀನಿನ ಎಣ್ಣೆಯನ್ನು ಚಮಚದಲ್ಲಿ ಕುಡಿಯುವುದು ಹಳೆಯ ರೂಢಿ. ಉದಯಾಸ್ತಗಳನ್ನು ನೋಡಿ ಉಪವಾಸವಿರುವ ಮುಸಲ್ಮಾನರೂ ಆ ಊರಲ್ಲಿದ್ದು, ಸೂರ್ಯನು ಮುಳುಗದ ಕಾಲದಲ್ಲಿ ಮೆಕ್ಕಾ ನಗರದ ವೇಳೆಯನ್ನು ಹಿಡಿದು ವ್ರತವನ್ನು ನಡೆಸುವುದುಂಟು. ಮೂಕಪ್ರಾಣಿಗಳಿಗೂ ಅವುಗಳದೇ ಆದ ಏರ್ಪಾಡಿದೆ. ಹಿಮಸಾರಂಗದ ಕಣ್ಣಿನ ಹಿಂಭಾಗದಲ್ಲಿರುವ ಕನ್ನಡಿಯಂತಹ ಪದರವು ಬೇಸಿಗೆಯಲ್ಲಿ ಹೊಂಬಣ್ಣವಾಗಿದ್ದು ಚಳಿಗಾಲದಲ್ಲಿ ನೀಲಿಯಾಗುವುದೆಂದು 2013ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ನೀಲಿಯ ಕಣ್ಣು ಮಂದವಾದ ಬೆಳಕನ್ನು ಹೆಚ್ಚಾಗಿ ಹಿಡಿಯುತ್ತದೆ. ಆ ಸಾರಂಗಗಳನ್ನು ಸಾಕಿಕೊಂಡು ಬಂದ ಸಾಮಿ ಜನರು ಸೂರ್ಯನನ್ನು ಬೈವಿ ಎಂಬ ದೇವಿಯೆಂದು ನಂಬಿ, ಚಳಿಗಾಲ ಕಳೆದು ಅವಳು ಬಲಗೊಳ್ಳಲೆಂದು ಬಾಗಿಲಿಗೆ ಬೆಣ್ಣೆಯನ್ನು ಸವರುತ್ತಿದ್ದರಂತೆ. ಹೊಸ್ತಿಲಿಗೆ ಅರಿಸಿನ ಹಚ್ಚುವ ನಮ್ಮ ತಾಯಂದಿರಿಗೆ ಇದರ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ.

ಟ್ರೊಮ್ಸೋವಿಗಿಂತಲೂ ಉತ್ತರಕ್ಕೆ, ಸ್ವಾಲ್ಬಾರ್ಡ್ ಎಂಬ ದ್ವೀಪಸಮೂಹದಲ್ಲಿ, ಎಪ್ಪತ್ತೆಂಟು ಅಕ್ಷಾಂಶದಲ್ಲಿರುವ ಲಾಂಗ್‌ಇಯರ್‌ಬಿಯೆನ್ ಎಂಬ ಊರಿದೆ. ಅಲ್ಲಿ ಅಕ್ಟೋಬರ್ ಕೊನೆಯ ವಾರದಲ್ಲಿ ಮುಳುಗಿದ ಸೂರ್ಯನು ಫೆಬ್ರುವರಿ ನಡುವಿನಲ್ಲಿ ಹುಟ್ಟುವನು. ನವೆಂಬರ್ ನಡುವಿನಿಂದ ಜನವರಿಯ ಕೊನೆಯವರೆಗೆ ಟ್ರೊಮ್ಸೋವಿನ ನೀಲಿ ಬೆಳಕೂ ಅಲ್ಲಿಗೆ ಇಲ್ಲ. ಆದರೆ ಸೂರ್ಯನಿಗೆ ಇದಿರಾಗಿರುವ ಹುಣ್ಣಿಮೆಯ ಚಂದ್ರನು ಆ ಕಾಲದಲ್ಲಿ ದಿನಗಟ್ಟಲೆ ಮುಳುಗದೆ ಆಕಾಶವನ್ನು ಸುತ್ತುತ್ತಾನೆ. ಅದೇ ದ್ವೀಪಗಳಲ್ಲಿ, ನಿ-ಓಲೆಸುಂಡ್ ಎಂಬಲ್ಲಿ, ನಮ್ಮ ದೇಶದ ‘ಹಿಮಾದ್ರಿ’ ಎಂಬ ಸಂಶೋಧನಾಲಯವು 2008ರ ಜುಲೈ ತಿಂಗಳಲ್ಲಿ ಸ್ಥಾಪಿತವಾಯಿತು. ಮೊದಲು ಅಲ್ಲಿಗೆ ನಮ್ಮವರು ಬೆಳಕಿರುವ ಕಾಲದಲ್ಲಿ ಹೋಗಿಬರುತ್ತಿದ್ದರು. 2023ರ ಡಿಸೆಂಬರ್ ತಿಂಗಳಲ್ಲಿ ಮೊಟ್ಟಮೊದಲ ಚಳಿಗಾಲದ ತಂಡವು ಹೊರಟಿತು. ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಇದನ್ನು ಓದಿ ಹೇಳಿದಾಗ ಆ ತಾಯಿಯು, “ಹಾಗಾದರೆ ಕತ್ತಲೆಯನ್ನು ಹುಡುಕಿಕೊಂಡು ಹೋಗುವವರೂ ಉಂಟು” ಎಂದು ಮೊದಲ ಸಲ ನಕ್ಕಳು.

ಸೂರ್ಯನ ಮರಳುವಿಕೆಯ ವಿಷಯವಾಗಿ ಒಂದು ಹಳೆಯ ಕಥೆಯಿದೆ. ಡಚ್ಚರ ನಾವಿಕನಾದ ವಿಲ್ಲೆಮ್ ಬಾರೆಂಟ್ಸ್ ಎಂಬುವನ ಹಡಗು 1596ರಲ್ಲಿ ನೊವಾಯಾ ಜೆಮ್ಲ್ಯಾ ದ್ವೀಪದ ಬಳಿ ಹಿಮದಲ್ಲಿ ಸಿಕ್ಕಿಬಿದ್ದಿತು. ಹದಿನೇಳು ಮಂದಿ ಮರದ ಮನೆಯನ್ನು ಕಟ್ಟಿಕೊಂಡು ಆ ಚಳಿಗಾಲವನ್ನು ಕಳೆದರು. 1597ರ ಜನವರಿ 24ರಂದು ಅವರಲ್ಲಿ ಕೆಲವರು ದಿಗಂತದಲ್ಲಿ ಸೂರ್ಯನ ಅಂಚನ್ನು ಕಂಡರು. ಲೆಕ್ಕದ ಪ್ರಕಾರ ಅವನು ಬರಲು ಇನ್ನೂ ಎರಡು ವಾರಗಳಿದ್ದುವು. ಅವರಲ್ಲೊಬ್ಬನಾದ ಗೆರ್ರಿತ್ ಡ ವೇರ್ ಇದನ್ನು ಬರೆದಿಟ್ಟಾಗ ಬಹುಜನ ನಂಬಲಿಲ್ಲ. ದಿನಗಳನ್ನು ಎಣಿಸುವುದರಲ್ಲಿ ತಪ್ಪಿದರೆಂದರು. ತಣ್ಣನೆಯ ಗಾಳಿಯ ಪದರದ ಮೇಲೆ ಬೆಚ್ಚನೆಯ ಪದರವು ಕುಳಿತಾಗ, ಬೆಳಕು ಭೂಮಿಯ ಉಬ್ಬನ್ನೇ ಅನುಸರಿಸಿ ಬಾಗಿ ಬಹುದೂರ ಬರುವುದೆಂದು ಈಗ ತಿಳಿದಿದೆ, ಕಂಡವರು ಸುಳ್ಳಾಡಿರಲಿಲ್ಲ. ಬಾರೆಂಟ್ಸನು ಮರಳುವ ದಾರಿಯಲ್ಲಿ ಮಡಿದನು. ಹನ್ನೆರಡು ಮಂದಿ ಊರನ್ನು ಸೇರಿದರು. ಲೆಕ್ಕವು ಕಣ್ಣನ್ನು ತಿದ್ದುವುದುಂಟು. ಕಣ್ಣು ಲೆಕ್ಕವನ್ನು ತಿದ್ದುವುದೂ ಉಂಟು. ಎರಡನ್ನೂ ಕೇಳದವನು ಮೇಷ್ಟರ ವಾಕ್ಯವನ್ನೇ ಮೂವತ್ತು ವರ್ಷ ನಂಬಿಕೊಂಡಿರಬೇಕಾಗುತ್ತದೆ.

ಈ ವರ್ಷ ಸಂಕ್ರಾಂತಿಯ ದಿನ ಆ ತಾಯಿಯು ಎಳ್ಳು ಬೆಲ್ಲವನ್ನು ತಂದುಕೊಟ್ಟಾಗ ನಮಗೆ ಒಂದು ವಿಷಯವು ಹೊಳೆಯಿತು. ಟ್ರೊಮ್ಸೋವಿನ ದಿಗಂತಕ್ಕೆ ಸೂರ್ಯನು ಬರುವುದೂ ಜನವರಿ 15ರ ಸುಮಾರಿಗೆ! ಇದು ಆಕಸ್ಮಿಕವೇ ಸರಿ. ಸೂರ್ಯನು ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21ರ ಸುಮಾರಿನಲ್ಲಿ. ಅಯನಚಲನದಿಂದ ನಮ್ಮ ಸಂಕ್ರಾಂತಿಯು ಶತಮಾನಗಳಲ್ಲಿ ಅದರಿಂದ ಹಿಂದೆ ಬಿದ್ದಿದೆ. ಆದರೆ ಆ ಉತ್ತರದ ಊರಿನಲ್ಲಿ ನಿಂತು ನೋಡಿದರೆ ತಿರುಗುವುದು ಬೇರೆ, ಕಾಣುವುದು ಬೇರೆಯೆಂಬುದು ಸ್ಪಷ್ಟವಾಗುತ್ತದೆ. ತಿರುಗಿದ ಮೇಲೂ ಮೂರೂವರೆ ವಾರ ಅವನು ಕಾಣುವುದಿಲ್ಲ. ದಕ್ಷಿಣದ ಆಕಾಶದ ಕೆಂಪು ಮಾತ್ರ ದಿನದಿನಕ್ಕೆ ಏರುತ್ತದೆ. ಊರಿನ ದಕ್ಷಿಣಕ್ಕೆ ಬೆಟ್ಟಗಳಿರುವುದರಿಂದ ಜನರು ಅವನನ್ನು ನಿಜವಾಗಿ ಕಾಣುವುದು ಜನವರಿ 21ರಂದು. ಅದೇ ಅವರ ಸೂರ್ಯನ ದಿನ. ಹಣ್ಣಿನ ಪಾಕವನ್ನು ತುಂಬಿದ ‘ಸೂಲ್ ಬೊಲ್ಲೆ’ ಎಂಬ ದುಂಡಗಿನ ತಿಂಡಿಯನ್ನು ಊರಿಗೆ ಊರೇ ತಿನ್ನುವುದಂತೆ.

ಆ ದಿನ ಅಲ್ಲಿ ಮೋಡವಿತ್ತು. ಮರುದಿನವೂ ಮೋಡ. ಮೂರನೆಯ ದಿನ ಹುಡುಗಿಯು ಒಂದು ಚಿತ್ರವನ್ನು ಕಳುಹಿಸಿದಳು: ಎರಡು ಬಿಳಿಯ ಬೆಟ್ಟಗಳ ಸಂದಿನಲ್ಲಿ ಒಂದು ಕಿತ್ತಳೆಯ ಗೆರೆ. ಕೆಲವು ನಿಮಿಷಗಳಷ್ಟೇ ಇದ್ದಿತಂತೆ. ತಾಯಿಯು ಫೋನನ್ನು ನಮ್ಮ ಕೈಗೆ ಕೊಟ್ಟು, ತಾನು ಅತ್ತ ತಿರುಗಿ ಕಣ್ಣೊರಸಿಕೊಂಡಳು. ನಮಗೂ ಕನ್ನಡಕವನ್ನು ಒರೆಸಿಕೊಳ್ಳಬೇಕಾಯಿತು. ಈಗ ಅಲ್ಲಿ ಹಗಲು ಎಷ್ಟು ವೇಗದಿಂದ ಬೆಳೆಯುತ್ತಿದೆಯೆಂದರೆ, ಮುಂದಿನ ತಿಂಗಳುಗಳಲ್ಲಿ ನಿದ್ರೆಗೆ ಕತ್ತಲೆಯಿಲ್ಲವೆಂಬ ದೂರು ಬರುವುದು ನಿಶ್ಚಯ. ದಪ್ಪ ಪರದೆಯನ್ನು ಈಗಲೇ ಕೊಂಡಿಟ್ಟುಕೊಳ್ಳಲು ಬರೆಯಿಸಿದ್ದೇವೆ.

ನಮ್ಮ ಹಳೆಯ ಶಿಷ್ಯರು ಈ ಪತ್ರಿಕೆಯನ್ನು ಅನೇಕ ಮನೆಗಳಲ್ಲಿ ಓದುತ್ತಿರುವರೆಂದು ಬಲ್ಲೆವು. ಅವರಲ್ಲಿ ನಮ್ಮದೊಂದು ವಿಜ್ಞಾಪನೆ. ಭೂಗೋಳದ ಹಳೆಯ ನೋಟುಪುಸ್ತಕವು ಸಿಕ್ಕಿದರೆ, ಸಿಕ್ಕದಿದ್ದರೆ ನೆನಪಿನಲ್ಲಾದರೂ, ಆ ವಾಕ್ಯವನ್ನು ಹೊಡೆದುಹಾಕಿ ಹೀಗೆ ಬರೆದುಕೊಳ್ಳಿರಿ: “ಉತ್ತರ ಧ್ರುವದಲ್ಲಿ ಮಾತ್ರ ಸೂರ್ಯನು ವರ್ಷಕ್ಕೊಮ್ಮೆ ಹುಟ್ಟಿ ವರ್ಷಕ್ಕೊಮ್ಮೆ ಮುಳುಗುವನು, ಜನರು ವಾಸಿಸುವ ಉತ್ತರದ ಊರುಗಳಲ್ಲಿ ಅವನಿಲ್ಲದ ಕಾಲವು ಕೆಲವು ದಿನಗಳಿಂದ ಕೆಲವು ತಿಂಗಳುಗಳವರೆಗೆ ಊರಿಗೊಂದು ಪರಿಯಾಗಿರುವುದು, ಒಟ್ಟು ಬೆಳಕಿನಲ್ಲಿ ಅವರಿಗೆ ಕೊರತೆಯಿಲ್ಲ, ಹಂಚಿಕೆಯಲ್ಲಿ ಕಷ್ಟವುಂಟು.” ನಿಮ್ಮ ಮಕ್ಕಳಿಗೂ ಹಾಗೆಯೇ ಹೇಳಿಕೊಡಿರಿ. ಅವರಲ್ಲಿ ಯಾರಿಗೆ ಯಾವ ದಿನ ಯಾವ ಊರಿಗೆ ಹೋಗಬೇಕಾಗುವುದೋ ಬಲ್ಲವರಾರು?